ದಮ್ಮಡಿ ಮೆತ್ತಗಾದ ಬೆಳಿಗ್ಗೆ

ಅವತ್ತು ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿನ ಮಠವೇ ಇರಲಿಲ್ಲ. ಮಂಜು ಇಡೀ ಓಣಿಯನ್ನು ನುಂಗಿ ಕೂತಿತ್ತು. ಮಠದ ಕಳಸ, ಅದರ ಪಕ್ಕದ ಬೇವಿನ ಮರ, ನಮ್ಮ ಕಟ್ಟೆಯ ಮೇಲೆ ಹಿಂದಿನ ಸಂಜೆ ಮರೆತುಬಿಟ್ಟ ಕೊಡ, ಒಂದೂ ಕಾಣಿಸದು. ಹಂಚಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆಯಲ್ಲ, ಇಬ್ಬನಿಯೇ ಅಷ್ಟು. ಗೋಡೆ ಮುಟ್ಟಿದರೆ ತಣ್ಣಗೆ, ಕೌದಿ ಮುಟ್ಟಿದರೆ ತಣ್ಣಗೆ. ನಾನು ಶಿವಶಿವಾ ಎನ್ನುತ್ತ ಹಣೆಗೆ ವಿಭೂತಿ ಹಚ್ಚಿಕೊಂಡು, ಗೂಟದಿಂದ ದಮ್ಮಡಿ ಇಳಿಸಿ, ಬೆರಳಿನಿಂದ ಒಂದು ಪೆಟ್ಟು ಹಾಕಿದೆ. ಅದು ಎಂದಿನಂತೆ ಮೊಳಗಲಿಲ್ಲ. ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಬೊದ್ ಎಂದಿತು. ಚರ್ಮ ಮೆತ್ತಗಾಗಿತ್ತು.

ಬೇರೆ ಊರಿನವರಿಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ನಮ್ಮಲ್ಲಿ ಹಾಗಲ್ಲ. ನಮ್ಮೂರಿನಲ್ಲಿ ಮಾತು ಕೇಳಿಸುತ್ತದೆ, ಬೈಗುಳ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಹಾಡು ಕೇಳಿಸಬೇಕಾದರೆ ಇನ್ನೊಬ್ಬರ ಕೈ ಪೆಟ್ಟು ಕೊಡಬೇಕು. ಪೆಟ್ಟಿಲ್ಲದೆ ಹಾಡಿದರೆ ಬಾಯಿ ಆಡುವುದು ಕಾಣುತ್ತದೆ, ಕೊರಳ ನರ ಉಬ್ಬುವುದು ಕಾಣುತ್ತದೆ, ದನಿ ಮಾತ್ರ ಹಾಡುವವರ ಕಿವಿಗೂ ಬೀಳುವುದಿಲ್ಲ. ತನ್ನ ಹಾಡಿಗೆ ತಾನೇ ಬಡಿದುಕೊಂಡರೆ ನಡೆಯದು. ಇಬ್ಬರು ಒಟ್ಟಿಗೆ ಬಡಿದು ಪೆಟ್ಟು ಹೊಂದದೆ ಬೇರೆ ಬೇರೆ ಬಿದ್ದರೂ ಅಷ್ಟೇ, ಹಾಡು ನಡುವೆ ಸಿಕ್ಕು ಅಡಗಿಬಿಡುತ್ತದೆ. ಯಾಕೆ ಹೀಗೆ ಎಂದು ನಾವು ಕೇಳಿದವರಲ್ಲ. ನಮ್ಮ ಬಾವಿಯ ನೀರು ಸಿಹಿ, ಅದು ಯಾಕೆಂದು ಕೇಳಿದ್ದೇವೆಯೇ? ಕೋಗಿಲೆಗೆ ಪೆಟ್ಟು ಕೊಡುವವನು ಮೇಲಿನವನು ಎಂದು ಹಿರಿಯರು ಹೇಳುತ್ತಿದ್ದರು. ನಮಗೆ ಅಷ್ಟು ಸಾಕು.

ಹಾಗಾಗಿ ನಮ್ಮ ಓಣಿಗಳಲ್ಲಿ ಅತ್ತೆ ಸೊಸೆಯರ ಜಗಳ ದೀಪ ಹಚ್ಚುವ ಹೊತ್ತನ್ನು ದಾಟುವುದಿಲ್ಲ. ಕೂಸು ಮಲಗಲು ಜೋಗುಳ ಬೇಕು, ಜೋಗುಳಕ್ಕೆ ಮೊರದ ಬೆನ್ನು ಬಡಿಯುವ ಇನ್ನೊಂದು ಕೈ ಬೇಕು. ಮಧ್ಯಾಹ್ನ ಮುಖ ತಿರುವಿಕೊಂಡು ಹೋದವಳು ಸಂಜೆ ಹೊಸ್ತಿಲ ಹತ್ತಿರ ನಿಂತು, "ಮೊರ ಎಲ್ಲೈತಿ ಬೇ?" ಎಂದು ಕೇಳಿದಳೆಂದರೆ ಜಗಳ ಮುಗಿಯಿತು ಎಂದರ್ಥ. ಬಳೆಗಾರರು ಜೋಡಿಯಾಗಿಯೇ ಬರುತ್ತಾರೆ, ಒಬ್ಬ ಹಾಡಿ ಕರೆಯಲು, ಇನ್ನೊಬ್ಬ ಪೆಟ್ಟಿಗೆ ಬಡಿಯಲು. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವವಳ ಪಕ್ಕ ಒಬ್ಬಳು ನೆಲ ತಟ್ಟುತ್ತ ಕೂರುತ್ತಾಳೆ. ಹಾಗೆ ಪಡೆದ ಪೆಟ್ಟನ್ನು ಎಂದಾದರೂ ತೀರಿಸಬೇಕು. ಅದಕ್ಕೆ ನಾವು ಕೈಋಣ ಎನ್ನುತ್ತೇವೆ. ಹಾಸಿಗೆ ಹಿಡಿದ ಮುದುಕರು ಯಾರನ್ನೋ ನೆನಪು ಮಾಡಿ ಕರೆಸಿಕೊಂಡು, "ನಿಂದೊಂದು ಉಳದೈತಿ ತಮ್ಮಾ, ಒಂದ್ ನುಡಿ ಹಾಡು" ಎಂದು ಮಂಚದ ಅಂಚಿನ ಮೇಲೆ ಬೆರಳಾಡಿಸಿ, ಆಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದನ್ನು ನಾನು ಕಂಡಿದ್ದೇನೆ.

ನನಗೆ ಯಾರ ಕೈಋಣವೂ ಇರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ದಮ್ಮಡಿ ಶಿವಗಂಗವ್ವ ಎಂದರೆ ಊರಲ್ಲಿ ಗೊತ್ತಿಲ್ಲದವರಿಲ್ಲ. ಅಪ್ಪನಿಂದ ನನಗೆ ಅರ್ಧ ಮನೆ ಬಂತು, ಇಡೀ ದಮ್ಮಡಿ ಬಂತು. ಇನ್ನರ್ಧ ಮನೆ ತಮ್ಮ ಅಡಿವೆಪ್ಪನದು. ಮಠದ ಭಜನೆಯಲ್ಲಿ ದೀಪದ ಕೆಳಗೆ, ನಟ್ಟನಡುವೆ ಕೂರುವವಳು ನಾನು. ಹಾಡುವವರು ನನ್ನ ಎಡಕ್ಕೆ. ಸ್ವಾಮಿಗಳು ಹೂವಿನ ಹಾರವನ್ನು ಮೊದಲು ದಮ್ಮಡಿಗೆ ಹಾಕಿ, ಆಮೇಲೆ ಹಾಡುವವರ ಕೊರಳಿಗೆ ಹಾಕುತ್ತಾರೆ. ಹೊರಗಿನಿಂದ ಬಂದ ಗಾಯಕರಿಗೆ ಇದು ಮೊದಲ ದಿನ ಸೇರುವುದಿಲ್ಲ. ಎರಡನೆಯ ದಿನ ಅವರೇ ನನ್ನ ಆಸನದ ಧೂಳು ಕೊಡವುತ್ತಾರೆ. ಊರಲ್ಲಿ ಹುಟ್ಟಿದ ಎಷ್ಟೋ ಹಾಡುಗಳು ನನ್ನ ಕೈಯ ಮೇಲೆಯೇ ಮೊದಲ ಹೆಜ್ಜೆ ಇಟ್ಟಿವೆ. ಹಾಡಿನ ಮುಂದೆ ಓಡಬಾರದು, ಹಿಂದೆ ಬೀಳಬಾರದು, ಅದರ ಕಾಲ ಕೆಳಗೆ ನೆಲವಾಗಿರಬೇಕು ಎಂದು ಅಪ್ಪ ಕಲಿಸಿದ್ದ. ನೆಲವಾಗಿದ್ದೆ. ನೆಲ ಎಂದಾದರೂ ಹಾಡುತ್ತದೆಯೇ? ನಾನೂ ಹಾಡಿರಲಿಲ್ಲ. ಹಾಡುವ ಪ್ರಸಂಗವೇ ಬಂದಿರಲಿಲ್ಲ.

ಬಂದದ್ದು ಆ ಮಂಜಿನ ದಿನ. ತಮ್ಮನ ಮಗಳಿಗೆ ತೊಟ್ಟಿಲು, ಹೆಸರಿಡುವ ಶಾಸ್ತ್ರ. ಅಡಿವೆಪ್ಪ, ಕಸ್ತೂರಿ ಮದುವೆಯಾಗಿ ಎಷ್ಟೋ ವರ್ಷ ದೇವರ ಕಟ್ಟೆಗಳನ್ನೆಲ್ಲ ಸುತ್ತಿದ ಮೇಲೆ ಹುಟ್ಟಿದ ಕೂಸು ಅದು. ನಮ್ಮಲ್ಲಿ ಹೆಸರನ್ನು ಸುಮ್ಮನೆ ಹೇಳಿ ಇಡುವುದಿಲ್ಲ. ಸೋದರತ್ತೆ ತೊಟ್ಟಿಲ ಮುಂದೆ ಕೂತು ಹಾಡಬೇಕು. ಹಾಡಿನ ಕೊನೆಯಲ್ಲಿ ಬರುವ ಹೆಸರು ಕೂಸಿನ ಕಿವಿಗೆ ಕೇಳಿಸಬೇಕು. ಅದೂ ಹೊತ್ತು ನೆತ್ತಿಗೆ ಬರುವುದರೊಳಗೆ. ಕೇಳಿಸದಿದ್ದರೆ ಹೆಸರು ನಿಲ್ಲುವುದಿಲ್ಲ, ಆಮೇಲೆ ಯಾರು ಎಷ್ಟು ಸಲ ಕರೆದರೂ ಅಷ್ಟೇ. ನಂಬದಿದ್ದರೆ ನಮ್ಮ ಕೂಸಪ್ಪಜ್ಜನನ್ನು ನೋಡಿ. ಅವನ ಸೋದರತ್ತೆ ಆ ದಿನ ಗಂಟಲು ಕಟ್ಟಿಕೊಂಡು ಕೂತಿದ್ದಳಂತೆ. ಈಗ ಅವನಿಗೆ ಬೆಳ್ಳಗಿನ ಗಿರಿಜಾ ಮೀಸೆ ಇದೆ, ಮೊಮ್ಮಕ್ಕಳಿದ್ದಾರೆ, ಪಂಚಾಯ್ತಿಯಲ್ಲಿ ಅವನ ಮಾತಿಗೆ ತೂಕವಿದೆ, ಆದರೂ ಊರಿಗೆಲ್ಲ ಅವನು ಕೂಸು. ಅವನ ಹೆಂಡತಿ ಸಾಯುವವರೆಗೂ ಗಂಡನ ಹೆಸರು ಒಡಪಿನಲ್ಲಿ ಹೇಳಲಾಗದೆ ನಾಚಿಕೊಂಡೇ ಹೋದಳು.

ಕೂಸಿಗೆ ನಮ್ಮವ್ವನ ಹೆಸರು, ನೀಲವ್ವ ಎಂದು ಇಡುವುದಾಗಿ ನಿಶ್ಚಯವಾಗಿತ್ತು. ಹಾಡುವವಳು ನಾನು. ಪೆಟ್ಟು ಕೊಡಲು ಬಾಳಪ್ಪ ಬಂದಿದ್ದ. ನಾನೇ ಕೈ ಹಿಡಿದು ಕಲಿಸಿದವನು, ನಾನು ಊರಲ್ಲಿಲ್ಲದ ದಿನ ಮಠದಲ್ಲಿ ನನ್ನ ಜಾಗದಲ್ಲಿ ಕೂರುವವನು. ತಬಲಾವನ್ನು ಕೂಸಿನಂತೆ ಕಂಬಳಿಯಲ್ಲಿ ಸುತ್ತಿಕೊಂಡು ತಂದಿದ್ದ. ಬಿಚ್ಚಿ ನೋಡಿದರೆ ಅದೂ ಮೆತ್ತಗಾಗಿತ್ತು. ಕೆಂಡದ ಮೇಲೆ ಹಿಡಿಯೋಣವೆಂದರೆ ಕಟ್ಟಿಗೆ ಹಸಿಯಾಗಿ ಮನೆ ತುಂಬ ಹೊಗೆ. ಓಣಿಯ ಮನೆ ಮನೆಗೂ ಹೋಗಿ ಕೇಳಿದರು. ಎಲ್ಲರ ಗೋಡೆಯ ಮೇಲಿನ ಚರ್ಮವೂ ಒಂದೇ ಸ್ಥಿತಿ.

"ಚಿಂತಿ ಬ್ಯಾಡಕ್ಕಾ, ಪರಾತಿನ ಮ್ಯಾಲ ಬಡೀತೀನಿ" ಎಂದ ಬಾಳಪ್ಪ, ಹಿಟ್ಟು ನಾದುವ ಹಿತ್ತಾಳೆ ಪರಾತ ಬೋರಲು ಹಾಕಿಕೊಂಡು.

ನೆರೆದ ಹೆಂಗಸರೆಲ್ಲ ತೊಟ್ಟಿಲಿನ ಸುತ್ತ ಒತ್ತೊತ್ತಾಗಿ ಕೂತರು. ಬಾಳಪ್ಪ ಶುರುಮಾಡಿದ. ನಾನು ಕಣ್ಣು ಮುಚ್ಚಿ ಗುರುವನ್ನು ನೆನೆದು ಬಾಯಿ ತೆರೆದೆ. ಒಂದು ದನಿ ಹೊರಗೆ ಬಂತು. ಎರಡು ಶಬ್ದ ಹಾಡಿದೆನೋ ಇಲ್ಲವೋ, ದೀಪ ಆರಿದ ಹಾಗೆ ದನಿ ಇಲ್ಲ. ಬಾಯಿ ಆಡುತ್ತಿದೆ, ಏನೂ ಇಲ್ಲ.

"ಅಕ್ಕಾ, ನಿನ್ನ ಕೈ!" ಎಂದ ಬಾಳಪ್ಪ.

ನೋಡಿಕೊಂಡೆ. ನನ್ನ ಬಲಗೈ ಬೆರಳುಗಳು ನನಗೇ ತಿಳಿಯದಂತೆ ಮೊಣಕಾಲ ಮೇಲೆ ಬಡಿಯುತ್ತಿದ್ದವು. ಬಾಳಪ್ಪನ ಕೈ ಎರಡನೆಯ ಪೆಟ್ಟಿಗೆ ಸ್ವಲ್ಪ ಮುಂದೆ ಹಾರುತ್ತದೆ, ಅದು ಅವನ ಹಳೆಯ ಚಾಳಿ. ನನ್ನ ಬೆರಳು ಅದನ್ನು ತಿದ್ದುತ್ತಿತ್ತು. ಎರಡು ಪೆಟ್ಟು ಬೇರೆ ಬೇರೆ ಬಿದ್ದವು, ಹಾಡು ನಡುವೆ ಅಡಗಿತು.

"ನೀ ಓಡ್ತಿ, ಅದಕ್ಕ ನನ್ನ ಕೈ ಏಳ್ತೈತಿ" ಎಂದೆ.

"ಇವತ್ತೊಂದಿನ ಓಡಾಕ ಬಿಡಬೇ. ಹಾಡಾಕಿ ನೀನು, ಬಡ್ಯಾಂವ ನಾನು. ನನ್ನ ಕೆಲಸಾನೂ ನೀನ ಮಾಡಿದ್ರ ಹೆಂಗ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈ ಕಟ್ಟಿಕೊಂಡು ಕೂತೆ. ಈ ಸಲ ಕಾಲ ಹೆಬ್ಬೆರಳು ಏಳತೊಡಗಿತು, ಕಾಲುಂಗುರ ನೆಲಕ್ಕೆ ಕಟ್ ಕಟ್ ಎಂದಿತು. ಕಾಲು ಮಡಚಿ ಕೂರಿಸಿದರು. ಆಗ ತಲೆ ಅಲುಗಿ ಕಿವಿಯ ಬುಗುಡಿ ತಾಳ ಹಾಕಿತು. "ಇನ್ನ ಈಕಿನ್ನ ಚೀಲದಾಗ ಹಾಕಿ ಹೊಲೀಬೇಕು" ಎಂದಳು ಒಬ್ಬಳು. ಬಾಳಪ್ಪ ಬೆವರು ಒರೆಸಿಕೊಂಡು ಎದ್ದ. ಅವನ ಬದಲು ಅಡಿವೆಪ್ಪ ಕೂತ. ತಮ್ಮನ ಕೈ ಹಿಂದೆ ಬೀಳುತ್ತದೆ. ಓಣಿಯ ಇನ್ನೊಬ್ಬಳು ಕೂತಳು. ಅವಳದು ಎಲ್ಲವೂ ಸರಿ, ಆದರೆ ಪ್ರತಿ ಪೆಟ್ಟೂ ಕಲ್ಲು ಒಡೆದಂತೆ ಒಂದೇ ಸಮ. ನನ್ನ ಮೈಯಲ್ಲಿ ಎಲ್ಲೋ ಒಂದು ಕಡೆ ಏನೋ ಎದ್ದು ತಿದ್ದಲು ಹೋಗುತ್ತಿತ್ತು. ನಾನು ತಡೆದಷ್ಟೂ ಅದು ಇನ್ನೊಂದು ಕಡೆ ಏಳುತ್ತಿತ್ತು. ಊರಿಗೆಲ್ಲ ನೆಲವಾಗಿದ್ದವಳಿಗೆ ಬೇರೆಯವರ ನೆಲದ ಮೇಲೆ ಕಾಲಿಡಲು ಬರಲಿಲ್ಲ.

ನಗು ಮೆಲ್ಲಗೆ ಅಡಗಿತು. ಹೊರಗೆ ಮಂಜು ತೆಳ್ಳಗಾಗಿ ಮಠದ ಗೋಡೆ ಮಸುಕಾಗಿ ಕಾಣಿಸತೊಡಗಿತ್ತು. ಅದರ ಹಿಂದೆ ಸೂರ್ಯ ಬೆಳ್ಳಿಯ ತಟ್ಟೆಯಂತೆ ಮೇಲೇರುತ್ತಿದ್ದ. ಕೂಸಪ್ಪಜ್ಜ ಬಾಗಿಲಿಗೆ ಬಂದು ಆಕಾಶ ನೋಡಿ ಒಳಗೆ ಬಗ್ಗಿದ.

"ಲಗೂ ಮಾಡ್ರವ್ವಾ. ಊರಿಗೊಂದು ಕೂಸು ಸಾಕು."

ಅದಕ್ಕೆ ಯಾರೂ ನಗಲಿಲ್ಲ. ಕಸ್ತೂರಿ ಮೂಲೆಯಲ್ಲಿ ಕೂತು ಸೆರಗಿನ ಚುಂಗು ತಿರುವುತ್ತಿದ್ದಳು. ಅವಳು ನನ್ನೆದುರು ಎಂದೂ ದನಿ ಎತ್ತಿ ಮಾತಾಡಿದವಳಲ್ಲ. ಅವತ್ತೂ ಎತ್ತಲಿಲ್ಲ.

"ಅಕ್ಕಾರ, ನನ್ನ ಮಗಳು ಹೆಸರಿಲ್ಲದ ಉಳೀತಾಳೇನ್ರಿ?"

ಅವಳಿಗಿರಲಿ, ದೇವರಿಗೂ ಏನು ಹೇಳಲಿ? ಊರಿನ ಎಲ್ಲ ಕೂಸುಗಳ ಹೆಸರೂ ನನ್ನ ಪೆಟ್ಟಿನ ಮೇಲೆ ಬಂದವು. ನನ್ನ ಮನೆಯ ಕೂಸಿನ ಹೆಸರು ನನ್ನ ಕೈಯಿಂದಲೇ ಕೆಡುತ್ತಿತ್ತು. ತೊಟ್ಟಿಲಿನಲ್ಲಿ ಅದು ಎರಡೂ ಮುಷ್ಟಿ ಬಿಗಿದು, ಯಾರ ಪರಿವೆಯೂ ಇಲ್ಲದೆ ಸೂರು ನೋಡುತ್ತ ಮಲಗಿತ್ತು.

ಆಗ ಅಡಿಗೆಮನೆಯಿಂದ ತಿರಕವ್ವ ಬಂದಳು. ಹಿತ್ತಿಲ ಗೋಡೆಯಾಚೆಯ ಮನೆಯವಳು. ಬೆಳಿಗ್ಗೆಯಿಂದ ಒಲೆಯ ಮುಂದೆ ಕೂತು ಹಂಚಲಿಕ್ಕೆ ಗುಗ್ಗರಿ ಬೇಯಿಸುತ್ತಿದ್ದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ನನ್ನ ಮುಖ ನೋಡದೆ, ನೆಲ ನೋಡುತ್ತ ಕೇಳಿದಳು.

"ಶಿವಗಂಗಕ್ಕಾರ, ನಾ ಬಡೀಲೇನ್ರಿ?"

"ನೀನ? ಒಂದಿನಾನೂ ತಾಳ ಮುಟ್ಟಿದಾಕಿ ಅಲ್ಲ ನೀನು. ಸೌಟು ಹಿಡಕೊಂಡು ಬಡೀತಿ ಏನು?" ಎಂದ ಬಾಳಪ್ಪ.

"ಬಂದ್ರ ಬಂತು, ಇಲ್ಲಂದ್ರ ಗುಗ್ಗರಿ ನೋಡಾಕ ಹೋಕ್ಕೀನಿ" ಎಂದಳು ತಿರಕವ್ವ.

ಇಲ್ಲಿ ಒಂದು ಮಾತು ಹೇಳಬೇಕು. ತಿರಕವ್ವ ನದಿಯಾಚೆಯಿಂದ ಬಂದ ಸೊಸೆ. ಬಂದ ಸ್ವಲ್ಪ ದಿನಕ್ಕೆ ಗಂಡ ತೀರಿಕೊಂಡ, ಮಡಿಲಲ್ಲಿ ಹಸುಗೂಸು. ಹೊಸಬಳು, ಯಾರಿಗೂ ಅವಳ ಕೈಋಣವಿಲ್ಲ, ಸಂಜೆ ಬಂದು ಮೊರ ಬಡಿಯುವವರಿಲ್ಲ. ಹೋಗಿ ಕರೆಯಲು ಅವಳಿಗೆ ಸಂಕೋಚ. ಆ ದಿನಗಳಲ್ಲಿ ಒಂದು ಸಂಜೆ ನಾನು ಹಿತ್ತಿಲ ಗೋಡೆಗೆ ಬೆನ್ನು ಕೊಟ್ಟು ಕೈ ಸಾಧನೆ ಮಾಡುತ್ತಿದ್ದಾಗ ಗೋಡೆಯ ಆಚೆ ಎಳೆಯಂಥ ಒಂದು ಜೋಗುಳ ಕೇಳಿಸಿತು. ಗಾಬರಿಯಾಗಿ ಕೈ ನಿಲ್ಲಿಸಿದೆ. ಜೋಗುಳವೂ ನಿಂತಿತು. ಕೇಳದೆ ಇನ್ನೊಬ್ಬರ ಪೆಟ್ಟಿನ ಮೇಲೆ ಹಾಡುವುದನ್ನು ನಮ್ಮೂರಲ್ಲಿ ಕಳವು ಎನ್ನುತ್ತಾರೆ, ಸಿಕ್ಕಿಬಿದ್ದವರನ್ನು ಭಜನೆಗೆ ಸೇರಿಸುವುದಿಲ್ಲ. ಗೋಡೆಯಾಚೆ ಅವಳು ಉಸಿರು ಬಿಗಿಹಿಡಿದು ಕೂತದ್ದು ನನಗೆ ಕಂಡ ಹಾಗೆಯೇ ಇತ್ತು. ಕೂಸು ಅಳುತ್ತಿತ್ತು. ನಾನು ಮತ್ತೆ ಕೈ ಎತ್ತಿದೆ. ಕಲಿಯುತ್ತಿದ್ದ ಜೋರು ನಡೆ ಬಿಟ್ಟು ತೊಟ್ಟಿಲು ತೂಗುವ ನಡೆ ಹಿಡಿದೆ. ಅಂದಿನಿಂದ ಆ ಕೂಸು ದೊಡ್ಡದಾಗಿ ಜೋಗುಳ ಒಲ್ಲೆ ಎನ್ನುವವರೆಗೂ ಸಂಜೆ ನನ್ನ ಸಾಧನೆ ಅದೇ ನಡೆಯಲ್ಲಿ ನಡೆಯಿತು. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಬಾವಿಯ ಹತ್ತಿರ ಎದುರಾದರೆ ಅವಳು ಸೆರಗು ಮುಂದೆಳೆದುಕೊಂಡು ಸರಿದುಹೋಗುತ್ತಿದ್ದಳು. ಆ ಕೂಸು ಈಗ ಗಾಡಿ ಹೊಡೆಯುವ ಆಳೆತ್ತರದ ಗಂಡಸು.

"ಬಾರವ್ವಾ" ಎಂದೆ.

ಬಾಳಪ್ಪ ಪರಾತ ಮುಂದಕ್ಕೆ ನೂಕಿದ. ಅವಳು ಅದನ್ನು ಮುಟ್ಟಲಿಲ್ಲ. ನನ್ನ ಹಿಂದೆ ಬಂದು ಕೂತು, ಬಲ ಅಂಗೈಯನ್ನು ನನ್ನ ಬೆನ್ನ ಮೇಲೆ ಇಟ್ಟಳು. ಹೆಸರಿಟ್ಟಾದ ಮೇಲೆ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದಿ ತಮಾಷೆ ಮಾಡುವುದು ನಮ್ಮಲ್ಲಿ ಇದ್ದೇ ಇದೆ.

"ಇನ್ನೂ ಹೆಸರ ಬಿದ್ದಿಲ್ಲ, ಆಗಲೇ ಗುದ್ದಾಕ ಕುಂತಿ ಅಲ್ಲಬೇ" ಎಂದು ಒಬ್ಬಳು ಅಂದಳು.

ನಾನು ಬಗ್ಗಿ ಕೂಸನ್ನು ತೊಡೆಯ ಮೇಲೆ ತೆಗೆದುಕೊಂಡೆ. ಬೆನ್ನ ಮೇಲೆ ಮೊದಲ ಪೆಟ್ಟು ಬಿತ್ತು. ಪೆಟ್ಟು ಎನ್ನುವುದಕ್ಕಿಂತ ಅದು ತಟ್ಟುವುದು, ಕೂಸನ್ನು ಮಲಗಿಸುವಾಗ ತಾಯಿ ತಟ್ಟುವ ಹಾಗೆ. ಎರಡನೆಯದು ಬಿತ್ತು. ಮೂರನೆಯದು ಬೀಳುವ ಮೊದಲು ಒಂದು ಕೂದಲೆಳೆಯಷ್ಟು ತಡೆಯಿತು.

ಆ ತಡೆ ನಮ್ಮಪ್ಪನದು. ಮೂರನೆಯ ಪೆಟ್ಟನ್ನು ಅಷ್ಟು ತಡೆದು ಹಾಕುವವರು ಊರಲ್ಲಿ ಅಪ್ಪನ ನಂತರ ನಾನೊಬ್ಬಳೇ. ಬಾಳಪ್ಪನಿಗೆ ವರ್ಷಗಟ್ಟಲೆ ಹೇಳಿಕೊಟ್ಟರೂ ಅದು ಬರಲಿಲ್ಲ. ಹಾಡುವವರು ಉಸಿರು ತೆಗೆದುಕೊಳ್ಳಲಿ ಎಂದು ಬಿಡುವ ಜಾಗ ಅದು. ಗೋಡೆಯಾಚೆ ಕೂತು ಹಾಡುತ್ತ ತಿರಕವ್ವ ಸುಮ್ಮನೆ ಕೂತಿರಲಿಲ್ಲ. ನನ್ನ ಪೆಟ್ಟು ಬಿದ್ದಂತೆಲ್ಲ ಅದಕ್ಕೆ ಸರಿಯಾಗಿ ಮಗನ ಬೆನ್ನು ತಟ್ಟಿದ್ದಳು. ಕೂದಲೆಳೆಯಷ್ಟೂ ಆಚೀಚೆ ಆಗದಂತೆ ತಟ್ಟಿದ್ದರಿಂದಲೇ ಅವಳ ಹಾಡು ಅಡಗಿರಲಿಲ್ಲ. ಮಗ ಜೋಗುಳ ಬಿಟ್ಟರೂ ಆ ಅಂಗೈ ಅದನ್ನು ಬಿಟ್ಟಿರಲಿಲ್ಲ.

ನಡೆ ನನ್ನದು, ಕೈ ಅವಳದು. ನನ್ನ ಬೆರಳುಗಳು ಏಳಲಿಲ್ಲ. ತಿದ್ದಲು ಅಲ್ಲಿ ಏನೂ ಇರಲಿಲ್ಲ. ಅವು ಕೂಸಿನ ಮೈ ಸುತ್ತ ಮಲಗಿದವು. ಕಾಲು ಸುಮ್ಮನಾಯಿತು, ಕಿವಿಯ ಬುಗುಡಿ ಸುಮ್ಮನಾಯಿತು. ನಾನು ಬಾಯಿ ತೆರೆದೆ.

ಮೂಡಲ ಬಾಗಿಲು ತೆರಿಯವ್ವ, ಮಂಜಿನ ಸೆರಗು ಸರಿಸವ್ವ, ನಡೆದು ಬಾರವ್ವ ನಮ್ಮನಿಗೆ...

ಅದು ನನ್ನ ದನಿ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಒರಟು ದನಿ, ದಪ್ಪ, ಅಪ್ಪನ ದನಿಯ ಹಾಗೆ. ಮಠದ ಗಾಯಕರು ಕೇಳಿದ್ದರೆ ಮುಗುಳ್ನಗುತ್ತಿದ್ದರು. ಆದರೆ ಅದು ನೆಟ್ಟಗೆ ನಿಂತಿತ್ತು. ಬೆನ್ನಿನಿಂದ ಎದೆಗೆ, ಎದೆಯಿಂದ ಕೊರಳಿಗೆ ಪೆಟ್ಟು ಹತ್ತಿ ಬರುತ್ತಿತ್ತು, ಹಾಡು ಅದರ ಮೇಲೆ ಹೆಜ್ಜೆ ಇಡುತ್ತಿತ್ತು. ನಾನು ಇಷ್ಟು ವರ್ಷ ಊರಿನವರಿಗೆ ಏನು ಕೊಡುತ್ತಿದ್ದೆನೋ ಅದನ್ನು ಅವತ್ತು ಮೊದಲ ಸಲ ತೆಗೆದುಕೊಂಡೆ. ಇಷ್ಟು ಗಟ್ಟಿ ನೆಲವನ್ನು ಕೊಡುತ್ತಿದ್ದೆನೇ ಶಿವನೇ ಎಂದು ಹೆಮ್ಮೆಯಿಂದ ಕಣ್ಣು ತುಂಬಿತು. ಬಾಳಪ್ಪ ಪರಾತನ್ನು ಎದೆಗೆ ಅವುಚಿಕೊಂಡು ಕೂತು, ಬಾಯಿ ಅರೆ ತೆರೆದು ತಿರಕವ್ವನ ಕೈಯನ್ನೇ ನೋಡುತ್ತಿದ್ದ.

ಕೊನೆಯ ನುಡಿಗೆ ಬಂದೆ. ಮೂರನೆಯ ಪೆಟ್ಟು ತಡೆಯಿತು, ನಾನು ಉಸಿರು ತೆಗೆದುಕೊಂಡು, ಕೂಸಿನ ಕಿವಿಗೆ ಬಗ್ಗಿ, ನೀಲವ್ವಾ ಎಂದು ಹಾಡಿದೆ. ಕೂಸು ಸೂರು ನೋಡುವುದನ್ನು ಬಿಟ್ಟು ನನ್ನ ಮುಖಕ್ಕೆ ಕಣ್ಣು ತಿರುಗಿಸಿತು. ಬಿಗಿದ ಒಂದು ಮುಷ್ಟಿ ಬಿಚ್ಚಿತು.

"ಕೇಳಿಸ್ತು! ಕೇಳಿಸ್ತು ಅದಕ್ಕ!" ಎಂದು ಕಸ್ತೂರಿ ಎಲ್ಲರೆದುರು ದನಿ ಎತ್ತಿಯೇ ಕೂಗಿದಳು. ಹೊರಗಿನಿಂದ ಕೂಸಪ್ಪಜ್ಜ, "ಏನವ್ವಾ ನೀಲವ್ವಾ, ನನಗಿಂತ ಮೊದಲ ದೊಡ್ಡಾಕಿ ಆದಿ ನೋಡು" ಎಂದ. ಹೆಂಗಸರು ಕುರ್ರ್ ಎಂದು ಕೂಗುತ್ತ ನನ್ನ ಬೆನ್ನಿನ ಮೇಲೆ ಬಿದ್ದರು. ಗುದ್ದು ಎಂದರೆ ಗುದ್ದು, ಊರಿಗೆಲ್ಲ ಬಡಿದವಳ ಬೆನ್ನು ಸಿಕ್ಕಿತೆಂದು ಒಬ್ಬೊಬ್ಬರೂ ಎರಡೆರಡು ಹೆಚ್ಚಿಗೆ ಹಾಕಿದರು.

ಆ ಗದ್ದಲದಲ್ಲಿಯೂ ಒಂದು ಅಂಗೈ ಬೆನ್ನ ಮೇಲೆ ಕದಲದೆ ಹಾಗೆಯೇ ಇತ್ತು. ಎಲ್ಲರೂ ಗುಗ್ಗರಿಗೆ ಎದ್ದುಹೋದ ಮೇಲೆ ಅದು ಇನ್ನೊಂದು ಸಲ, ಮೆತ್ತಗೆ, ತಟ್ಟಿತು. ನನ್ನ ಕಿವಿಯ ಹಿಂದೆ, ಬೇರೆ ಯಾರಿಗೂ ಕೇಳಿಸದಂತೆ, ತಿರಕವ್ವ ಹೇಳಿದಳು.

"ನಿಮ್ಮದು ನನ್ನ ಕಡೆ ಇತ್ತರಿ ಅಕ್ಕಾರ. ತಗೋರಿ."

ಅಂಗೈ ತೆಗೆದು, ಸೆರಗು ಸರಿಮಾಡಿಕೊಂಡು, ಅವಳು ಒಲೆಯ ಕಡೆ ಹೋದಳು.